ಕಸದ ತೂಕ ಇಳಿಸಿದ ಜಮೀಲಾ

ಬೆಳಗಿನ ಆರು ಗಂಟೆಗೆ ಇನ್ನು ಇಪ್ಪತ್ತು ನಿಮಿಷ. ರಾತ್ರಿಯಿಡೀ ಮುಚ್ಚಿದ್ದ ಬಂಡೀಪುರದ ಕಾಡಿನ ಗೇಟು ತೆರೆಯುವುದನ್ನೇ ಕಾಯುತ್ತ ಲಾರಿ, ಕಾರುಗಳು ಒಂದು ಕಿಲೋಮೀಟರ್ ಉದ್ದಕ್ಕೆ ಸಾಲುಗಟ್ಟಿ ನಿಂತಿವೆ. ಕಾದವರು ತಿಂದು, ಕುಡಿದು ಎಸೆದದ್ದೆಲ್ಲ ರಸ್ತೆಯ ಅಂಚಿನಲ್ಲಿದೆ. ಜಮೀಲಾ ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಟೈರುಗಳ ಸಂದಿಗೆ ಕೈಹಾಕಿ ಚಿಪ್ಸ್ ಕವರು, ನೀರಿನ ಬಾಟಲಿ, ಪೇಪರ್ ಲೋಟ ಎಳೆದು ಚೀಲಕ್ಕೆ ತುಂಬುತ್ತಿದ್ದಾರೆ. ಗೇಟು ತೆರೆದರೆ ಮುಗಿಯಿತು. ಚಕ್ರದ ಗಾಳಿಗೆ ಎದ್ದ ಕವರು ಕಾಡಿನೊಳಗೆ ಬೀಳುತ್ತದೆ. ಉಪ್ಪಿನ ವಾಸನೆಗೆ ಜಿಂಕೆ, ಆನೆ ಬಾಯಿ ಹಾಕುತ್ತವೆ.

"ಬಿರ್ನೆ ಬಾ ಮಲ್ಲಾಜಮ್ಮ!"

"ನಾ ಬತ್ತೀನಿ ಕಣಕ್ಕ, ಸೊಂಟ ಬರಾಕಿಲ್ಲ ಅಂತದೆ" ಎನ್ನುತ್ತಾರೆ ಹಿಂದೆ ಚೀಲ ಎಳೆದು ಬರುತ್ತಿರುವ ಮಲ್ಲಾಜಮ್ಮ.

ಐವತ್ತೆರಡರ ಜಮೀಲಾ ಗುಂಡ್ಲುಪೇಟೆಯವರು. ಗಂಡ ಜಿಯಾವುಲ್ಲಾ ಅವರ ಗುಜರಿ ಅಂಗಡಿಯ ಹಿಂಬದಿ ಕೂತು ಇಪ್ಪತ್ತು ವರ್ಷ ಪ್ಲಾಸ್ಟಿಕ್ ವಿಂಗಡಿಸಿದವರು. ಹಿಸುಕಿದಾಗ ಬರುವ ಸದ್ದಿನಲ್ಲೇ ಅದು ಯಾವ ಬಗೆಯದೆಂದು ಹೇಳಬಲ್ಲರು. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಒಡೆದ ಬಾಟಲಿ ನರ ಕೊಯ್ದಿತ್ತು. "ಇನ್ನೂ ಎಂಟ್ ಬೆರಳವೆ, ಸಾಕು" ಎಂದು ನಗುತ್ತಾರೆ. ಇವತ್ತು ಆ ನಗು ಬೇಗ ಆರುತ್ತದೆ.

ಕಸ ತಗ್ಗಿಸುವ ಕೆಲಸಗಳಿಗೆ ನೆರವಾಗುವ ಸಂಸ್ಥೆಯೊಂದು ಹೋದ ವರ್ಷ ಇವರ ಐದು ಹೆಂಗಸರ ಸಂಘಕ್ಕೆ ಅನುದಾನ ಕೊಟ್ಟಿತು. ಶೆಡ್ಡು, ಕಸವನ್ನು ಒತ್ತಿ ಪಿಂಡಿಯಾಗಿಸುವ ಬೇಲ್ ಯಂತ್ರ, ಐವರ ಕೂಲಿ ಎಲ್ಲವೂ ಅದರಿಂದಲೇ. ಎರಡನೇ ವರ್ಷವೂ ಬೇಕಾದರೆ ಸಂಗ್ರಹಿಸಿದ ಕಸದ ತೂಕ ಏರಿರಬೇಕೆಂಬುದು ಷರತ್ತು. ತೂಕ ನೋಡಲು ಸಂಸ್ಥೆಯವರು ಇವತ್ತು ಎಂಟಕ್ಕೆ ಬರುತ್ತಾರೆ.

ತೂಕವೋ ಇಳಿದು ಕೂತಿದೆ. ಇಳಿಸಿದವರು ಜಮೀಲಾ ಅವರೇ. ಹೋದ ವರ್ಷ ದಿನಕ್ಕೆ ನಲವತ್ತಾರು ಕೆ.ಜಿ. ಸಿಗುತ್ತಿತ್ತು. ಹೆಕ್ಕಿ ಹೆಕ್ಕಿ ಬೇಸತ್ತ ಅವರು ರಸ್ತೆಬದಿಯ ಹದಿನಾಲ್ಕು ಟೀ ಅಂಗಡಿಗಳಿಗೂ ಹೋಗಿ ಸ್ಟೀಲ್ ಲೋಟ ಇಡಿ ಎಂದರು. "ತೊಳ್ಯೋರ್ಯಾರು, ನಿಮ್ಮಪ್ಪನಾ?" ಎಂದರು ಒಂದು ಅಂಗಡಿಯ ಪುಟ್ಟಬಸಪ್ಪ. "ನಮ್ಮಪ್ಪ ಸತ್ತೋದ, ನಾನೇ ತೊಳಿತೀನಿ" ಎಂದ ಜಮೀಲಾ ಹತ್ತು ದಿನ ಅಲ್ಲೇ ಕುಕ್ಕರುಗಾಲಲ್ಲಿ ಕೂತು ತೊಳೆದರು. ಹನ್ನೊಂದು ಅಂಗಡಿಗಳಲ್ಲಿ ಈಗ ಪೇಪರ್ ಲೋಟವಿಲ್ಲ. ಅಲ್ಲಿಟ್ಟ ಕ್ಯಾನಿನಿಂದಲೇ ನೀರು ತುಂಬಿಸಿಕೊಳ್ಳುವ ಲಾರಿಯವರು ಹೊಸ ಬಾಟಲಿ ಕೊಳ್ಳುವುದು ಬಿಟ್ಟಿದ್ದಾರೆ.

ಏಳೂವರೆಗೆ ನಾಲ್ಕೇ ಚೀಲ ಶೆಡ್ಡು ಸೇರುತ್ತವೆ. ಸಂಘದ ಆಟೋ ಓಡಿಸುವ, ಅರ್ಜಿಗಳನ್ನೂ ಬರೆದುಕೊಡುವ ಮಹಾಲಿಂಗ ನೀರಿನ ಬಿಂದಿಗೆ ತಂದು ಪಕ್ಕಕ್ಕಿಡುತ್ತಾರೆ.

"ಅಕ್ಕ, ಪೇಪರ್ ಲೋಟದ್ ಚೀಲಕ್ಕೆ ನೀರುಯ್ದ್‌ಬುಡನ. ಕುಡ್ಕಂಡು ಕಲ್ಲಂಗಾಯ್ತದೆ. ಯಾರ್ ಬಿಚ್ಚಿ ನೋಡ್ತಾರೆ?"

"ನಾನ್ ನೋಡ್ತೀನಲ್ಲ."

"ನೋಡ್ಕಂಡ್ ಕೂತ್ಕೊ. ಮುಂದಿನ್ ತಿಂಗ್ಳು ಐದ್ ಮನೆ ಒಲೆ ನೀನೇ ಉರ್ಸು."

ಮಾತು ನಾಟುತ್ತದೆ. ಜಮೀಲಾ ಅವರಿಗಾದರೆ ಗುಜರಿ ಅಂಗಡಿಯಿದೆ. ಮಲ್ಲಾಜಮ್ಮನ ಮನೆಗೆ ಈ ಕೂಲಿ ಬಿಟ್ಟರೆ ಬೇರೆ ಕಾಸು ಬರುವುದಿಲ್ಲ. ತನ್ನ ಹಟಕ್ಕೆ ಇನ್ನೊಬ್ಬಳ ಅನ್ನ ಹೋಗಬಾರದಲ್ಲ. ಅವರು ತಿರುಗುತ್ತಾರೆ. "ನೀನ್ ಹೇಳು ಮಲ್ಲಾಜಮ್ಮ. ಉಯ್ಯನಾ?"

ಮಲ್ಲಾಜಮ್ಮ ಬಿಂದಿಗೆಯನ್ನು ನೋಡುತ್ತಾರೆ. ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾರೆ. "ನೆನೆದ್ ಲೋಟ ನಾಳೀಕೆ ನಾತ ಒಡೀತದೆ ಕಣಕ್ಕ. ಬೇಲ್ ಕಟ್ಟೋಳು ನಾನು. ಎತ್ಕಂಡೋಗ್ಲಾ ಮಾಲಿಂಗ, ನಿನ್ ಬಿಂದ್ಗೆಯ!"

ಚಾಮರಾಜನಗರದಿಂದ ಬಂದ ಸಂಸ್ಥೆಯ ಗಂಗಾಂಬಿಕೆ ಚೀಲಗಳನ್ನು ಒಂದೊಂದಾಗಿ ತಕ್ಕಡಿಗೆ ಏರಿಸುತ್ತಾರೆ. ಒಟ್ಟು ಹದಿನೆಂಟು ಕೆ.ಜಿ. ಅವರು ಹಳೆಯ ಹಾಳೆ ತಿರುವಿ ಹುಬ್ಬು ಗಂಟಿಕ್ಕುತ್ತಾರೆ.

"ಹೋದ್ ವರ್ಷ ನಲವತ್ತಾರಿತ್ತು. ಉಳಿದ ಕಸ ಎಲ್ಲಿ ಹೋಯ್ತಮ್ಮ?"

"ಎಲ್ಲೂ ಹೋಗಿಲ್ಲ ಮೇಡಂ. ಹುಟ್ಟೇ ಇಲ್ಲ."

ಹುಟ್ಟದ ಕಸವನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಗಂಗಾಂಬಿಕೆಯವರ ಪೆನ್ನು ಹಾಳೆಯ ಮೇಲೆ ನಿಂತುಬಿಡುತ್ತದೆ. "ನಾನು ಹದಿನೆಂಟು ಅಂತಲೇ ಬರೀಬೇಕು. ಮೇಲಿನವರು ಏನಂತಾರೋ ಗೊತ್ತಿಲ್ಲ."

"ಹದಿನೆಂಟೇ ಬರ್ಕೊಳಿ. ಹಂಗೇ ಆ ಹನ್ನೊಂದು ಅಂಗಡಿ ಹೆಸರೂ ಬರ್ಕೊಳಿ."

ಗಂಗಾಂಬಿಕೆ ಹಾಳೆ ತಿರುಗಿಸುತ್ತಾರೆ. ಖಾಲಿ ಹಿಂಬದಿಯಲ್ಲಿ, ಜಮೀಲಾ ಹೇಳಿದಂತೆ, ಹನ್ನೊಂದು ಹೆಸರು ಬರೆಯುತ್ತಾರೆ. ತೀರ್ಮಾನ ತಿಳಿಯಲು ಒಂದು ತಿಂಗಳು ಬೇಕಂತೆ.

ಅವರು ಹೋದ ಮೇಲೆ ಮಹಾಲಿಂಗ ಸಿಡುಕುತ್ತಾರೆ: "ಅನುದಾನ ಬರ್ದೆ ಹೋದ್ರೆ ಏನ್ ಮಾಡೀಯಕ್ಕ?"

ಜಮೀಲಾ ಆಗಲೇ ಚಪ್ಪಲಿ ಮೆಟ್ಟಿದ್ದಾರೆ. "ಇನ್ನೂ ಮೂರು ಅಂಗಡಿ ಉಳ್ಕೊಂಡವೆ ಕಣೋ. ಅವೂ ಲೋಟ ಇಟ್‌ಬುಟ್ರೆ ಹದಿನೆಂಟು ಹತ್ತಕ್ಕಿಳೀತದೆ."