ಕೋಲು ಮೇಸ್ತ್ರಿಯ ಅಳತೆ

ನಮ್ಮಪ್ಪನನ್ನು ಎಲ್ಲರೂ ಕೋಲು ಮೇಸ್ತ್ರಿ ಎನ್ನುತ್ತಾರೆ. ಅದು ಗೌರವದ ಹೆಸರು ಎಂದು ಅವನು ತಿಳಿದಿದ್ದಾನೆ.

ಅಡುಗೆಮನೆಯ ಕಟ್ಟೆ ಕಟ್ಟುವಾಗ ಅವನು ಟೇಪು ಹಿಡಿದವನಲ್ಲ. ಅವನ ಬಳಿ ಒಂದು ಮರದ ಕೋಲಿತ್ತು. ಕೆಲಸ ಕಲಿತ ಹೊಸದರಲ್ಲಿ ತನ್ನ ತಾಯಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಅವಳ ಸೊಂಟಕ್ಕೆ ಸರಿಯಾಗಿ ಕತ್ತರಿಸಿಕೊಂಡದ್ದು. "ಹೆಂಗಸರ ಅಳತೆ ಅಂದ್ರೆ ಇದೇ" ಎಂದು ಅದನ್ನು ತಟ್ಟಿ ತೋರಿಸುತ್ತಿದ್ದ. ನಮ್ಮಜ್ಜಿ ಮಹಾ ಗಿಡ್ಡಿ. ಅವಳು ಸತ್ತು ಹದಿನೆಂಟು ವರ್ಷವಾದರೂ ನಮ್ಮ ಬೀದಿಯ ಹೆಂಗಸರೆಲ್ಲ ಅವಳ ಸೊಂಟದ ಮಟ್ಟಕ್ಕೆ ಬಗ್ಗಿ ಪಾತ್ರೆ ತೊಳೆಯುತ್ತಿದ್ದಾರೆ.

ಅಮ್ಮ ಅಜ್ಜಿಗಿಂತ ಅರ್ಧ ಗೇಣು ಎತ್ತರ. ಮದುವೆಯಾಗಿ ಬಂದ ಮೊದಲ ವಾರವೇ, "ರೀ, ಈ ಕಟ್ಟೆ ನಾಲ್ಕು ಬೆರಳು ಎತ್ತರಿಸಿಕೊಡಿ, ಸೊಂಟ ಹಿಡ್ಕೊಳ್ಳುತ್ತೆ" ಎಂದು ಕೇಳಿದ್ದಳಂತೆ.

"ನಮ್ಮಮ್ಮನಿಗೆ ಹಿಡಿಯಲ್ಲ, ನಿನಗೆ ಮಾತ್ರ ಹಿಡಿಯುತ್ತಾ?" ಅಂದನಂತೆ ಅಪ್ಪ.

ಗೋಡೆ ಕಟ್ಟುವವನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂದು ಅಮ್ಮ ಸುಮ್ಮನಾದಳು. ನನಗೆ ಸುಮ್ಮನಿರಲು ಬರುವುದಿಲ್ಲ. ಅವನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದೇಕೆ?

ಬೆನ್ನಿನ ಬೆಲೆ ಅವನಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಅವನು ಸಿಮೆಂಟು ಮೂಟೆ ಎತ್ತುವುದನ್ನು ನೋಡಬೇಕು. ಮಂಡಿ ಮಡಿಸಿ ಕುಕ್ಕರಗಾಲಿನಲ್ಲಿ ಕೂತು, ಮೂಟೆಯನ್ನು ಎದೆಗವಚಿಕೊಂಡು, ಕಾಲಿನ ಬಲದ ಮೇಲೆ ಏಳುತ್ತಿದ್ದ. ಪಕ್ಕಕ್ಕೆ ತಿರುಗಬೇಕಾದರೆ ಪಾದ ತಿರುಗಿಸುತ್ತಿದ್ದನೇ ಹೊರತು ಸೊಂಟ ತಿರುಚುತ್ತಿರಲಿಲ್ಲ. ಕೆಲಸದವರು ಬಗ್ಗಿ ಎತ್ತಿದರೆ, "ಬೆನ್ನೇನು ಬಾಡಿಗೆಗೆ ತಂದಿದ್ದೀಯೇನೋ?" ಎಂದು ರೇಗುತ್ತಿದ್ದ. ಆಮೇಲೆ ಮನೆಗೆ ಬಂದು ಉಂಡ ತಟ್ಟೆಯನ್ನು ಆ ಗಿಡ್ಡ ಸಿಂಕಿಗೆ ಹಾಕಿ ಹೋಗುತ್ತಿದ್ದ.

ಹೋದ ವರ್ಷ ಅಮ್ಮ ತುಂಬಿದ ಬಕೆಟ್ ಎತ್ತಲು ಬಗ್ಗಿದವಳು ನೆಟ್ಟಗಾಗಲಿಲ್ಲ. ಆರು ವಾರ ಪಾತ್ರೆ, ಬಕೆಟ್, ಕಸಬರಿಕೆ ಮುಟ್ಟಬಾರದು ಎಂದರು ಡಾಕ್ಟರಮ್ಮ.

"ಮಲಗೇ ಇರಬೇಡಿ, ಓಡಾಡ್ತಾ ಇರಿ. ಆಮೇಲೂ ಅರ್ಧ ಬಕೆಟ್ಟಿನ ಹಾಗೆ ಎರಡು ಸಲ ಒಯ್ಯಿರಿ. ಪಾತ್ರೆ ತೊಳೆಯುವಾಗ ಒಂದು ಕಾಲು ಮಣೆ ಮೇಲಿಟ್ಟು, ಆಗಾಗ ಕಾಲು ಬದಲಾಯಿಸಿ. ಎಲ್ಲಕ್ಕಿಂತ ಮೊದಲು ಆ ಕಟ್ಟೆ ಎತ್ತರಿಸಿ. ಇಲ್ಲದಿದ್ರೆ ಈ ನೋವು ಮತ್ತೆ ಬರುತ್ತೆ, ಆಗ ಆಪರೇಷನ್ನೇ."

ಅಪ್ಪ ಛಾವಣಿ ನೋಡುತ್ತ ಕೂತಿದ್ದ, ಬಿರುಕು ಹುಡುಕುತ್ತಿದ್ದನೇನೋ. ನಾನು ಅಮ್ಮನನ್ನು ನನ್ನ ಮನೆಗೆ ಕರೆದುಕೊಂಡು ಬಂದೆ.

ಹತ್ತನೆಯ ದಿನ ಅಮ್ಮನಿಗೆ ಅವನ ಫೋನ್ ಬಂತು. "ಸೊಂಟ ಹಿಡ್ಕೊಂಡಿದೆ ಕಣೇ. ಈ ಸಿಂಕು ಯಾಕಿಷ್ಟು ಕೆಳಗಿದೆ?"

"ನಿಮ್ಮಮ್ಮನಿಗೆ ಹಿಡೀತಿರಲಿಲ್ಲ, ನಿಮಗೆ ಮಾತ್ರ ಹಿಡೀತಾ?" ಎಂದು ಅಮ್ಮ ಫೋನ್ ಇಟ್ಟಳು. ಇಪ್ಪತ್ತೆಂಟು ವರ್ಷ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆರು ವಾರ ಕಳೆದ ಮೇಲೆ ಅವಳನ್ನು ಬಿಡಲು ಹೋದೆ. ಅಪ್ಪ ಬಾಗಿಲಲ್ಲೇ ಕಾಯುತ್ತಿದ್ದ, ಮುಖ ಊರಗಲ.

"ಕೋಲು ಮುರಿದು ಬಿಸಾಕಿದೆ. ಕಟ್ಟೆ ಒಡೆದು ಹೊಸದು ಕಟ್ಟಿದೀನಿ, ಬಾ ನೋಡು."

ನಿಜ ಹೇಳಬೇಕೆಂದರೆ ಆಗ ನನ್ನ ಸಿಟ್ಟು ಅರ್ಧ ಇಳಿದಿತ್ತು. ಒಳಗೆ ಹೊಸ ಕಲ್ಲು ಹೊಳೆಯುತ್ತಿತ್ತು. ಅಮ್ಮ ಸಿಂಕಿನ ಮುಂದೆ ಹೋಗಿ ನಿಂತಳು. ಕಟ್ಟೆ ಅವಳ ಎದೆಯ ಹತ್ತಿರ ಬಂತು. ಭುಜ ಎತ್ತದೆ ಕೈ ಸಿಂಕಿಗೆ ಇಳಿಯುವಂತಿರಲಿಲ್ಲ. ಆರಡಿ ಮೀರಿದ ಆಸಾಮಿ ಈ ಸಲ ತನ್ನ ಸೊಂಟಕ್ಕೇ ಅಳತೆ ಹಿಡಿದಿದ್ದ.

"ನನ್ನನ್ನ ಒಂದ್ಸಲ ನಿಲ್ಲಿಸಿ ನೋಡಬಾರದಿತ್ತಾ?" ಎಂದು ಕೇಳಿದಳು ಅಮ್ಮ.

"ನೀನು ಮನೇಲಿ ಇರಲಿಲ್ಲವಲ್ಲ."

ನನ್ನ ಮನೆ ಇರುವುದು ಎರಡು ಬೀದಿ ಆಚೆ.

ಅಮ್ಮ ಜಗಳ ಆಡಲಿಲ್ಲ. ಪಾತ್ರೆ ಉಜ್ಜುವ ನಾರನ್ನು ತೆಗೆದು ಅವನ ಕೈಯಲ್ಲಿಟ್ಟಳು. "ಎತ್ತರ ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಇನ್ಮೇಲೆ ತೊಳೆಯೋದು ನೀವೇ."

ಒಲೆಯನ್ನು ಊಟದ ಮೇಜಿನ ಮೇಲೆ ಇಡಿಸಿಕೊಂಡು ಅವಳು ಅಲ್ಲೇ ಅಡುಗೆ ಮಾಡುತ್ತಾಳೆ. ಸೊಂಟ ಮತ್ತೆ ಹಿಡಿದಿಲ್ಲ. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಮೂರು ಹೊತ್ತೂ ಪಾತ್ರೆ ತೊಳೆಯುತ್ತಾನೆ. ಈಗ ಟೇಪು ಕೂಡ ಕೊಂಡಿದ್ದಾನೆ. ಕೈ ಒರೆಸಿಕೊಂಡು ಅದನ್ನು ಎಳೆದು ಹಿಡಿದು ಅವಳ ಮುಂದೆ ಬರುತ್ತಾನೆ.

"ಒಂದು ನಿಮಿಷ ನಿಂತ್ಕೋ, ನಿನ್ನ ಅಳತೆ ತಗೋತೀನಿ."

ಅಮ್ಮ ಕುರ್ಚಿಯಿಂದ ಏಳುವುದಿಲ್ಲ.