ಹಂಸದ ಗುರುತಿನ ಕಂಪನಿ

ಸಿ.ಟಿ. ಸ್ಕ್ಯಾನಿಂಗ್ ಕೋಣೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮಿಷನ್ ಅಲ್ಲ, ಅದರ ಹಣೆಯ ಮೇಲಿದ್ದ ಗುರುತು. ನೀಲಿ ವೃತ್ತದೊಳಗೊಂದು ಹಂಸ. ಕಿಡ್ನಿಯಲ್ಲಿ ಕಲ್ಲಿದೆಯೋ ನೋಡಿಸಿಕೊಂಡು ಬನ್ನಿ ಎಂದು ಡಾಕ್ಟರು ಬರೆದುಕೊಟ್ಟಿದ್ದರಿಂದ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಉದ್ದಕ್ಕೂ ಹೆದರಿಕೊಂಡೇ ಬಂದವಳಿಗೆ ಆ ಹಂಸವನ್ನು ಕಂಡು ನೆಂಟರು ಸಿಕ್ಕಂತಾಯಿತು. ನಗಬೇಡಿ. ಈ ಕಂಪನಿ ಒಂದು ಲೆಕ್ಕದಲ್ಲಿ ನಮ್ಮ ನೆಂಟರೇ. ನನ್ನ ಸೋದರಮಾವ ಪುಟ್ಟಸ್ವಾಮಿ ಹೊಳೆನರಸೀಪುರದಲ್ಲಿ ಅದರ ರೇಡಿಯೋಗಳ ಡೀಲರ್ ಆಗಿದ್ದರು.

ಅರಕಲಗೂಡಿನವಳಾದ ನಾನು ಆಗ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಎಲ್ಲಾ ತಿಳಿದವಳೆಂಬ ಭ್ರಮೆ ಬಲವಾಗಿದ್ದ ವಯಸ್ಸು. ಮಾವನ ಅಂಗಡಿಯಲ್ಲಿ ಒಂದು ಕಟ್ಟುಪಾಡಿತ್ತು. ಕಂಪನಿಯ ಚರಿತ್ರೆ ಕೇಳದೆ ಯಾರೂ ರೇಡಿಯೋ ಕೊಂಡೊಯ್ಯುವಂತಿರಲಿಲ್ಲ. ಬಸ್ಸು ತಪ್ಪೀತೆಂದು ಗಿರಾಕಿ ಬಾಗಿಲ ಕಡೆ ನೋಡುತ್ತಿದ್ದರೂ ಬಿಡುತ್ತಿರಲಿಲ್ಲ. ಯುರೋಪಿನ ಯಾವುದೋ ಚಳಿ ಊರು, ಅಲ್ಲಿ ಗಾಜು ಊದುವ ಒಂದು ಮನೆತನ. ಅವರು ಮೊದಲು ಬಲ್ಬು ಮಾಡಿದರು, ಆಮೇಲೆ ರೇಡಿಯೋದೊಳಗಿನ ವಾಲ್ವು ಎಂಬ ಗಾಜಿನ ಕೊಳವೆ.

“ಏನೇ ಮಾಡ್ಲಿ, ಅವ್ರ ಕಸುಬು ಒಂದೇ ಕಣಪ್ಪ. ಗಾಜಿನ ಒಳ್ಗಿರೋ ಗಾಳಿ ತಗ್ದುಬುಡದು. ಅವ್ರಂಗೆ ತಗ್ಯೋರು ಇನ್ನೊಬ್ರಿಲ್ಲ” ಎನ್ನುತ್ತಿದ್ದರು ಮಾವ. ಆ ಊರು ಭೂಪಟದಲ್ಲಿ ಎಲ್ಲಿದೆ ಎಂದು ನಾನು ಕೇಳಿದಾಗ ಮಾತ್ರ ಅವರಿಗೆ ಬೇರೆ ಕೆಲಸ ನೆನಪಾಗುತ್ತಿತ್ತು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕಂಪನಿಯವನೊಬ್ಬ ಬೆಂಗಳೂರಿನಿಂದ ಬಂದ. ಮಾವ ಎಳನೀರು ತರಿಸಿದರು. ಕುಡಿದು ಮುಗಿಸಿ ಆತ ಮೆತ್ತಗೆ ವಿಷಯ ತೆಗೆದ. ಕಂಪನಿ ಇನ್ನು ರೇಡಿಯೋ ಮಾಡುವುದಿಲ್ಲ, ಆಸ್ಪತ್ರೆಯ ಮಿಷನ್ ಮಾತ್ರ ಮಾಡುತ್ತದೆ, ಹಾಗಾಗಿ ಊರೂರಿಗೆ ಡೀಲರುಗಳು ಬೇಕಾಗಿಲ್ಲ, ಹಂಸದ ಬೋರ್ಡು ಇಳಿಸಬೇಕು. ಮಾವನ ಮುಖ ಸಣ್ಣದಾಯಿತು. ಊರಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಕಂಪನಿ ಪುಟ್ಟಸ್ವಾಮಿ ಎಂದು. ಬೋರ್ಡು ಇಳಿದರೆ ಅವರು ಬರೀ ಪುಟ್ಟಸ್ವಾಮಿ. ಎಳನೀರಿನ ಬುರುಡೆಯನ್ನು ಅತ್ತ ಸರಿಸಿ ಕೇಳಿದರು:

“ಆ ಮಿಷನ್ ಒಳ್ಗೂ ಗಾಳಿ ತಗ್ದಿರೋ ಗಾಜಿನ ಕೊಳ್ವೆ ಐತಾ ಸಾ?”

“ಇದೆ. ಎಕ್ಸ್‌ರೇ ಟ್ಯೂಬು.”

“ಅಂಗಾರೆ ಅದೂ ನಮ್ದೇಯ. ಒಂದು ಕಳ್ಸಿಕೊಡಿ, ಇಲ್ಲೇ ಮಡಿಕ್ಕೊಂಡು ಮಾರ್ತೀನಿ.”

ಆತ “ಆಫೀಸಲ್ಲಿ ಕೇಳಿ ನೋಡ್ತೀನಿ” ಎಂದು, ಬೋರ್ಡಿನ ಮಾತನ್ನು ಅಲ್ಲಿಗೇ ಬಿಟ್ಟು ಬಸ್ಸು ಹತ್ತಿದ. ಮಾವ ಅದನ್ನು ಒಪ್ಪಿಗೆಯೆಂದೇ ತಿಳಿದರು. ನಮ್ಮ ಕಡೆ ಹಾಗೇ, ಎದುರಿಗೆ ಇಲ್ಲ ಅನ್ನದಿದ್ದರೆ ಹೂಂ ಅಂದ ಲೆಕ್ಕ.

ಮಾರನೆಯ ದಿನವೇ ಅಂಗಡಿಯ ಒಂದು ಮೂಲೆ ಖಾಲಿಯಾಯಿತು. ಮಿಷನ್ನಿನಲ್ಲಿ ಮನುಷ್ಯ ಉದ್ದಕ್ಕೆ ಮಲಗಬೇಕೆಂದು ಕಂಪನಿಯವನಿಂದ ತಿಳಿದುಕೊಂಡಿದ್ದ ಮಾವನಿಗೆ ಅಳತೆಗೆ ಸಿಕ್ಕಿದವಳು ನಾನು. “ಬಾರವ್ವ, ವಸಿ ಮನಿಕೊ ಇಲ್ಲಿ. ನಿಂಗೆ ಸಾಕಾದ್ರೆ ಎಲ್ರಿಗೂ ಸಾಕು.” ನನ್ನ ಎತ್ತರಕ್ಕೆ ಗಂಡು ಸಿಗುವುದಿಲ್ಲವೆಂದು ಮನೆಯಲ್ಲಿ ಕೊರಗುತ್ತಿದ್ದ ಕಾಲ ಅದು. ಎತ್ತರ ಕೊನೆಗೂ ಒಂದು ಉಪಯೋಗಕ್ಕೆ ಬಂತು. ಬೀದಿಗೆ ಕಾಣುವಂತೆ ಬರೀ ನೆಲದ ಮೇಲೆ ದಾವಣಿ ಸರಿಮಾಡಿಕೊಂಡು ಮಲಗಿದೆ. ಮಾವ ಸೀಮೆಸುಣ್ಣದಿಂದ ನನ್ನ ಸುತ್ತ ಗೆರೆ ಎಳೆದರು.

“ಅಲ್ಲಾಡ್ಬ್ಯಾಡ ಕಣವ್ವ. ಉಸ್ರು ಬಿಗಿ ಇಡ್ಕೊ.”

ಮಾವ ಹಾಸನದಲ್ಲಿ ಎಂದೋ ಎದೆಯ ಎಕ್ಸ್‌ರೇ ತೆಗೆಸಿಕೊಂಡಿದ್ದ ಅನುಭವ ಅದು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಇಣುಕಿ, “ಏನಾಯ್ತಣ್ಣ ಮಗಿಗೆ?” ಎಂದಳು. “ಏನೂ ಆಗಿಲ್ಲ ಕಣಮ್ಮ, ಮಿಷನ್ ಬತ್ತೈತೆ” ಎಂದರು ಮಾವ. ಅವಳಿಗೆ ಏನು ಅರ್ಥವಾಯಿತೋ, ನನ್ನನ್ನು ಕನಿಕರದಿಂದ ನೋಡಿ ಹೋದಳು.

ಮಿಷನ್ ಬರಲಿಲ್ಲ. ಇದ್ದ ರೇಡಿಯೋಗಳು ಮುಗಿದ ಮೇಲೆ ಮಾವ ಟಾರ್ಚು, ಸೆಲ್ಲು ಮಾರಿದರು. ಮೂಲೆಯನ್ನು ಮಾತ್ರ ದಿನಾ ತಾವೇ ಗುಡಿಸುತ್ತಿದ್ದರು. “ಅಲ್ಲೊಂದು ರಾಗಿ ಮೂಟೆ ಮಡಗುದ್ರೆ ಏನಾಯ್ತದೆ?” ಎಂದು ಅತ್ತೆ ಕೇಳಿದರೆ, “ನಾಳೆ ಲಾರಿ ಬಂದ್ರೆ ಮಿಷನ್ ಎಲ್ಲಿಗೆ ಇಳುಸ್ಲಿ?” ಎನ್ನುತ್ತಿದ್ದರು. ಊರವರು ಆಡಿಕೊಂಡು ನಗುತ್ತಿದ್ದರು. ಮಾವ ತೀರಿಕೊಂಡಾಗಲೂ ಬೋರ್ಡು ಮೇಲಿತ್ತು, ಮೂಲೆ ಖಾಲಿಯಿತ್ತು.

ಹಾಸನದ ಆ ಕೋಣೆಯಲ್ಲಿ ನಿಂತು ಮಿಷನ್ನನ್ನು ಕಣ್ಣಲ್ಲೇ ಅಳೆದೆ. ಮಾವನ ಮೂಲೆ ಅದಕ್ಕೆ ಯಾತಕ್ಕೂ ಸಾಲುತ್ತಿರಲಿಲ್ಲ, ಅಂಗಡಿಯ ಗೋಡೆಯನ್ನೇ ಒಡೆಯಬೇಕಾಗುತ್ತಿತ್ತು. ಒಡೆಸುತ್ತಿದ್ದರು, ನನಗೆ ಅನುಮಾನವಿಲ್ಲ. ಹೆದರಿಕೆ ಎತ್ತ ಹೋಗಿತ್ತೋ, ಹೋಗಿ ಮಲಗಿದೆ. ಮಿಷನ್ ನಡೆಸುವ ಹುಡುಗಿ, “ಅಲ್ಲಾಡ್ಬೇಡಿ ಮೇಡಂ, ಉಸಿರು ಬಿಗಿ...” ಎನ್ನುವಷ್ಟರಲ್ಲಿ ನಾನು ಹಿಡಿದಾಗಿತ್ತು.

ಅವಳು ನಕ್ಕಳು. “ಈಗಲೇ ಬೇಡ, ಬಿಡಿ. ಮುಂಚೆ ಮಾಡಿಸಿದೀರಾ?”

“ಹೂಂ. ಕಾಲೇಜಿಗೆ ಹೋಗ್ತಿದ್ದಾಗ, ಹೊಳೆನರಸೀಪುರದಲ್ಲಿ.”

“ಆ ಕಾಲದಲ್ಲಿ ಅಲ್ಲಿ ಈ ಮಿಷನ್ ಇತ್ತಾ?”

“ಇರ್ಲಿಲ್ಲಮ್ಮ” ಎಂದೆ. “ಜಾಗ ಇತ್ತು.”