ಕಾಜಾ ಅಕ್ಕ ಎಣಿಸಿದ ಸಾಲುಗಳು

ಹೊಲಿಗೆ ಅಂಗಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿ ಇಪ್ಪತ್ತಾರು ವರ್ಷದಿಂದ ಒಬ್ಬಳದೇ ಆಗಿತ್ತು. ಅವಳು ಕೈಯಲ್ಲಿ ಕಾಜಾ ಮಾಡುವವಳು. ಅಂಗಿಯ ಗುಂಡಿ ತೂರುವ ಕಂಡಿಗೆ ಸುತ್ತಲೂ ದಾರದ ಅಂಚು ಕಟ್ಟುವ ಕೆಲಸ ಅದು. ಹಾಗಾಗಿ ಬೀದಿಯಲ್ಲಿ ಚಿಕ್ಕವರಿಗೂ ದೊಡ್ಡವರಿಗೂ ಅವಳು ಕಾಜಾ ಅಕ್ಕ. ಒಂದು ಕಾಜಾಕ್ಕೆ ಇಪ್ಪತ್ತನಾಲ್ಕು ಹೊಲಿಗೆ ಎಂಬುದು ಅವಳ ಲೆಕ್ಕ. ಇಪ್ಪತ್ಮೂರಾದರೂ ಬಿಚ್ಚುತ್ತಿದ್ದಳು, ಇಪ್ಪತ್ತೈದಾದರೂ ಬಿಚ್ಚುತ್ತಿದ್ದಳು. ಕಾಜಾ ಮಿಷನ್ ಬಂದು ಎಷ್ಟೋ ವರ್ಷವಾದರೂ ಒಳ್ಳೆಯ ಬಟ್ಟೆ ತಂದವರು ಅವಳ ಕೈಯನ್ನೇ ಕೇಳುತ್ತಿದ್ದರು.

ಓದು ಅಷ್ಟಕ್ಕಷ್ಟೆ. ತನ್ನ ಹೆಸರು ಬರೆಯುತ್ತಿದ್ದಳು, ಬಸ್ಸಿನ ಬೋರ್ಡು ಗುರುತಿಸುತ್ತಿದ್ದಳು. ಎಣಿಕೆ ಮಾತ್ರ ಒಂದು ದಿನವೂ ತಪ್ಪಿದ್ದಿಲ್ಲ. ಇನ್ನು ಅನುಮಾನದ ವಿಷಯಕ್ಕೆ ಬಂದರೆ ಹುತ್ತ ಕಂಡಲ್ಲೆಲ್ಲ ಹಾವು ಹುಡುಕುವ ಜಾತಿ. ಅಂಗಡಿಯ ಟೈಲರ್ ಮಾಸ್ಟರು ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು, “ನಮ್ಮ ಅಕ್ಕ ಕನ್ನಡಿ ನೋಡಿದ್ರೂ ‘ಯಾರಿವಳು, ನನ್ನನ್ನೇ ಯಾಕೆ ನೋಡ್ತಾಳೆ’ ಅಂತ ಕೇಳ್ತಾಳೆ.” ಅಕ್ಕ ದಾರ ಕಚ್ಚಿ ತುಂಡರಿಸಿ, “ಕೇಳೋದ್ರಲ್ಲಿ ಏನು ತಪ್ಪು” ಎನ್ನುತ್ತಿದ್ದಳು.

ಆ ಮಂಗಳವಾರ ಬೆಳಿಗ್ಗೆ ನಾಲ್ಕು ಕೋಟುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿನ ಆಚೆ ಬದಿಯ ಅಂಗಡಿಗೆ ಕೊಡಲು ಬಸ್ಸು ಹತ್ತಿದ್ದಳು. ಚಾಲಕ ಮುಂದಿನ ಬಸ್ಸಿನ ಜೊತೆ ಪೈಪೋಟಿಗೆ ಬಿದ್ದಿದ್ದ. ತಿರುವಿನಲ್ಲಿ ಬಸ್ಸು ಹೋಗಿ ದೀಪದ ಕಂಬಕ್ಕೆ ಬಡಿಯಿತು. ಅಕ್ಕ ಕೋಟುಗಳನ್ನು ಎಡಗೈಯಲ್ಲಿ ಅವುಚಿಕೊಂಡಿದ್ದಳು. ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಸಿಕ್ಕಿದ್ದು ಬಲಗೈ. ಮಣಿಕಟ್ಟು ಮುರಿಯಿತು, ಹೆಬ್ಬೆರಳಿನ ಬುಡ ಜಜ್ಜಿತು. ಕೋಟುಗಳಿಗೆ ಒಂದು ಸುಕ್ಕೂ ಬೀಳಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಒಬ್ಬ ಬಂದ. ಬಿಳಿ ಅಂಗಿ, ಕಂಕುಳಲ್ಲಿ ಫೈಲು, ಕೈಯಲ್ಲಿ ಹಣ್ಣಿನ ಚೀಲ. ಬಸ್ಸಿನ ಮಾಲೀಕರ ಕಡೆಯವನು. ಅಕ್ಕ ಅವನ ಮುಖಕ್ಕಿಂತ ಮೊದಲು ಅಂಗಿ ನೋಡಿದಳು. ಅದರ ಮೂರನೆಯ ಗುಂಡಿ ಬೇರೆ ಬಣ್ಣದ ದಾರದಲ್ಲಿ ಕೂತಿತ್ತು. ದೂರದಿಂದ ನೋಡಿದವರಿಗೆ ಸಾಕು ಎಂದು ಮಾಡಿಸಿಕೊಂಡ ಕೆಲಸ ಎಂದುಕೊಂಡಳು.

“ಹೇಗಿದೀರಿ ತಾಯಿ? ನಿಮ್ಮ ವಿಷಯ ಕೇಳಿ ನಮ್ಮ ಮಾಲೀಕರು ಊಟವನ್ನೇ ಬಿಟ್ಟಿದಾರೆ.”

“ಅವರು ಊಟ ಬಿಟ್ರೆ ನನ್ನ ಮೂಳೆ ಕೂಡ್ಕೊಳ್ಳುತ್ತಾ?”

ಅವನು ನಕ್ಕು ಫೈಲು ಬಿಚ್ಚಿದ. “ಆಸ್ಪತ್ರೆ ಖರ್ಚು ಪೂರ್ತಿ ನಮ್ಮದು. ನೀವು ಇಲ್ಲೊಂದು ಹೆಬ್ಬೆಟ್ಟು ಒತ್ತಿದ್ರೆ ಮುಗೀತು. ಬಲಗೈ ಆಗಲ್ಲ ಅಂದ್ರೆ ಎಡಗೈದೇ ಸಾಕು. ಪಕ್ಕದ ಹಾಸಿಗೆಯವರೂ ಒತ್ತಿದಾರೆ.”

ಪಕ್ಕದ ಹಾಸಿಗೆಯಲ್ಲಿದ್ದವಳು ಅದೇ ಬಸ್ಸಿನಲ್ಲಿ ಕಾಲು ಮುರಿದುಕೊಂಡವಳು. ಅವಳು ಹೌದೆಂದು ತಲೆಯಾಡಿಸಿದಳು.

“ಓದು,” ಎಂದಳು ಅಕ್ಕ.

ಅವನು ಸರಾಗವಾಗಿ ಓದಿದ. ಅಪಘಾತವಾದ ದಿನ, ಆಸ್ಪತ್ರೆ, ಖರ್ಚು ಕೊಟ್ಟದ್ದು, ಧನ್ಯವಾದ. ಅವನು ಓದುವಷ್ಟು ಹೊತ್ತೂ ಅಕ್ಕನ ಕಣ್ಣು ಕಾಗದದ ಮೇಲೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು. ಅಕ್ಷರ ಅವಳಿಗೆ ಎಟುಕಲಿಲ್ಲ. ಆದರೆ ಸಾಲಿಗೂ ಹೊಲಿಗೆಗೂ ಎಣಿಕೆ ಒಂದೇ ತಾನೆ.

“ಇಲ್ಲಿ ಹನ್ನೊಂದು ಸಾಲಿದೆ. ನೀನು ಓದಿದ್ದು ನಾಲ್ಕು. ಉಳಿದ ಏಳು ಯಾರಿಗೆ ಬರೆದದ್ದು?”

“ಅದೆಲ್ಲ ಕಾನೂನಿನ ಭಾಷೆ ತಾಯಿ. ಸುಮ್ನೆ ಇರುತ್ತೆ.”

“ಸುಮ್ನೆ ಇರೋದನ್ನ ಸುಮ್ನೆ ಓದಿಬಿಡು.”

ಅವನಿಗೆ ಇದ್ದಕ್ಕಿದ್ದಂತೆ ಬೇರೆಲ್ಲೋ ಕೆಲಸ ನೆನಪಾಯಿತು. ಫೈಲು ಮುಚ್ಚಿಕೊಂಡು ಹೋದ. ಹಣ್ಣಿನ ಚೀಲ ಉಳಿಯಿತು. ಅಕ್ಕ ಅದನ್ನೂ ಮುಟ್ಟಗೊಡಲಿಲ್ಲ. ಅವಳ ತಮ್ಮನ ಹೆಂಡತಿ ಚೀಲದ ಕಡೆ ಆಸೆಯಿಂದ ನೋಡಿ, “ಹಣ್ಣೇನು ಮಾಡ್ತು ಅತ್ತಿಗೆ? ಅದರ ಮೇಲೆ ಸಾಲುಗೀಲು ಬರೆದಿಲ್ವಲ್ಲ” ಎಂದಳು. ಹಣ್ಣು ಅಲ್ಲೇ ಕೊಳೆಯಿತು.

ಆಸ್ಪತ್ರೆಯಿಂದ ಬಿಟ್ಟ ವಾರದಲ್ಲೇ ತಮ್ಮನ ಹೆಂಡತಿಯೇ ಅವಳನ್ನು ಒಬ್ಬ ವಕೀಲಮ್ಮನ ಹತ್ತಿರ ಕರೆದೊಯ್ದಳು. ಪುಸ್ತಕದಂಗಡಿಯ ಮೇಲಿನ ಕೋಣೆ, ಹತ್ತೊಂಬತ್ತು ಮೆಟ್ಟಿಲು. ಪಕ್ಕದ ಹಾಸಿಗೆಯವಳ ಮಗಳು ತಾಯಿ ಒತ್ತಿದ ಕಾಗದವನ್ನು ಫೋನಿನಲ್ಲಿ ಫೋಟೊ ಹಿಡಿದಿದ್ದಳು. ಅದನ್ನು ಇವರಿಗೂ ಕಳಿಸಿದ್ದಳು. ವಕೀಲಮ್ಮ ಕನ್ನಡಕ ಏರಿಸಿ ಆ ಏಳು ಸಾಲು ಓದಿದರು. ಈ ಅಪಘಾತದ ಬಗ್ಗೆ ಇನ್ನು ಯಾರ ಮೇಲೂ, ಯಾವ ಕೋರ್ಟಿನಲ್ಲೂ ಏನೂ ಕೇಳುವುದಿಲ್ಲ, ಕೈಕಾಲಿಗೆ ಮುಂದೆ ಏನೇ ಆದರೂ ಕೇಳುವುದಿಲ್ಲ ಎಂದು ಬರೆದಿತ್ತು.

“ಹಾಗಾದ್ರೆ ಪಕ್ಕದ ಹಾಸಿಗೆಯವಳ ಕಥೆ ಮುಗೀತಾ?” ಎಂದಳು ಅಕ್ಕ.

“ಪೂರ್ತಿ ಮುಗಿದಿಲ್ಲ. ಓದಿ ಹೇಳದೆ ಒತ್ತಿಸಿಕೊಂಡರು ಅಂತ ತೋರಿಸಬೇಕು. ಕಷ್ಟ, ಆದ್ರೆ ದಾರಿ ಇದೆ. ಬರೋಕೆ ಹೇಳಿ. ನಿಮ್ಮದು ಬೇರೆ, ನೀವು ಒತ್ತಿಲ್ಲ.”

ಆಮೇಲೆ ವಕೀಲಮ್ಮ ಒಂದೊಂದೇ ಬಿಡಿಸಿ ಹೇಳಿದರು. ಚಾಲಕನ ಮೇಲೆ ಪೊಲೀಸರು ಹೂಡುವ ಕೇಸು ಬೇರೆ. ಅದರಲ್ಲಿ ಅವನಿಗೆ ಶಿಕ್ಷೆಯಾಗಬಹುದು, ಆಗದಿರಬಹುದು. ಅಕ್ಕನಿಗೆ ಪರಿಹಾರ ಬೇಕೆಂದರೆ ಅಪಘಾತದ ಕೇಸುಗಳ ಕೋರ್ಟಿಗೆ ಅವಳೇ ಅರ್ಜಿ ಹಾಕಬೇಕು. ಕೇಳುವುದು ಚಾಲಕನೊಬ್ಬನನ್ನಲ್ಲ, ಮಾಲೀಕನನ್ನೂ ಅವನ ವಿಮೆ ಕಂಪನಿಯನ್ನೂ. ಆಸ್ಪತ್ರೆಯ ಚೀಟಿ, ದೂರಿನ ಪ್ರತಿ, ಬಸ್ಸಿನ ಟಿಕೆಟ್ಟು, ಕೈ ಎಷ್ಟು ಕೆಟ್ಟಿದೆ ಎಂದು ಡಾಕ್ಟರು ಬರೆದ ಸರ್ಟಿಫಿಕೇಟು ಎಲ್ಲ ಬೇಕು. ತಡ ಮಾಡಿದರೆ ಬಾಗಿಲು ಮುಚ್ಚುತ್ತದೆ. ನಡುವೆ ಅವರು ರಾಜಿಗೆ ಕರೆದರೆ ಹೋಗಬಹುದು, ನ್ಯಾಯಾಧೀಶರ ಮುಂದೆ ಮಾತ್ರ; ಹಣ್ಣಿನ ಚೀಲದ ಮುಂದೆ ಬೇಡ.

ಅಕ್ಕ ಎಲ್ಲ ಕೇಳಿಸಿಕೊಂಡು, “ನೀವ್ಯಾಕೆ ಇಷ್ಟು ಚೆನ್ನಾಗಿ ಮಾತಾಡ್ತೀರಿ? ನಿಮಗೇನು ಸಿಗುತ್ತೆ?” ಎಂದಳು.

ತಮ್ಮನ ಹೆಂಡತಿ ಹಣೆ ಚಚ್ಚಿಕೊಂಡಳು. ವಕೀಲಮ್ಮ ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. “ನನ್ನ ಫೀಸು ಎಷ್ಟು ಅಂತ ಈಗಲೇ ಬರೆದುಕೊಡ್ತೀನಿ. ಓದಿಸಿಕೊಂಡು ಬನ್ನಿ.”

ನಿಮ್ಮ ಪರವಾಗಿ ನಾನು ವಾದಿಸುತ್ತೇನೆ ಎಂಬ ಕಾಗದಕ್ಕೂ ಸಹಿ ಬೇಕಿತ್ತು. ಅದರಲ್ಲಿ ಇಪ್ಪತ್ತೆರಡು ಸಾಲು. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಬೇಕೆಂದು ಅಕ್ಕ ಕರಾರು ಹಾಕಿದಳು. ವಕೀಲಮ್ಮ ಬೆರಳಿಟ್ಟು ಓದಿದರು. ಇಪ್ಪತ್ತೆರಡೂ ಸರಿಹೋದ ಮೇಲೆ ಅಕ್ಕ ಎಡಗೈಯಲ್ಲಿ, ಸೊಟ್ಟಸೊಟ್ಟಗೆ, ತನ್ನ ಹೆಸರು ಬರೆದಳು. ಟಿಕೆಟ್ಟು ಅವಳ ಸೂಜಿಡಬ್ಬಿಯಲ್ಲಿ ನಾಲ್ಕು ಮಡಿಕೆಯಾಗಿ ಭದ್ರವಾಗಿತ್ತು. ಅದನ್ನು ಕೊಡಲು ಮನಸ್ಸು ಬರದೆ ಇನ್ನೂ ಎರಡು ಸಲ ಮೆಟ್ಟಿಲು ಹತ್ತಿ ಇಳಿದ ಮೇಲೆ ಕೊಟ್ಟಳು.

ಕೈಯ ಪಟ್ಟಿ ಬಿಚ್ಚಿದರು. ಹೆಬ್ಬೆರಳು ತೋರುಬೆರಳನ್ನು ಮುಟ್ಟುತ್ತಿರಲಿಲ್ಲ, ನಡುವೆ ಒಂದು ಗುಂಡಿಯಷ್ಟು ಜಾಗ ಉಳಿಯುತ್ತಿತ್ತು. ಸೂಜಿ ಹಿಡಿಯುವುದು ಆ ಜಾಗದಲ್ಲೇ. ಅಕ್ಕ ಅದನ್ನು ಅಂಗಡಿಯಲ್ಲಿ ಯಾರಿಗೂ ಹೇಳಲಿಲ್ಲ. ಅಂಗಡಿಗೆ ಹೋಗಿ ಅದೇ ಕುರ್ಚಿಯಲ್ಲಿ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಮಾಸ್ಟರು ಕುರ್ಚಿಯನ್ನು ಬೇರೆಯವರಿಗೆ ಕೊಟ್ಟಾರು ಎಂಬ ಅನುಮಾನ ಅವಳನ್ನು ದಿನವೂ ಎಂಟು ಗಂಟೆಗೆ ಅಲ್ಲಿಗೆ ಎಳೆದು ತರುತ್ತಿತ್ತು. ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳೆ ಬಟ್ಟೆಯ ಮೇಲೆ ಎಡಗೈಯಲ್ಲಿ ಕಾಜಾ ಕಲಿಯುತ್ತಿದ್ದಳು. ಐವತ್ತೆರಡು ವರ್ಷದ ಕೈ ಐದು ವರ್ಷದ ಮಗುವಿನ ಹಾಗೆ ಹಠ ಹಿಡಿಯುತ್ತಿತ್ತು.

ಒಂದು ದಿನ ಹೊಸ ಗಿರಾಕಿ ಒಬ್ಬ ಅಂಗಿ ತಂದ. “ಕಾಜಾ ಎಲ್ಲ ಕಿತ್ತುಹೋಗಿದೆ. ಅಕ್ಕನ ಕೈಯಲ್ಲೇ ಆಗಬೇಕು, ಮಿಷನ್ ಬೇಡ.”

ಅಕ್ಕ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ವರ್ಷದ ಹಿಂದೆ ಬೇರೆ ಯಾರಿಗೋ ತಾನೇ ಮಾಡಿಕೊಟ್ಟ ಕಾಜಾಗಳು. ತನ್ನ ಕಾಜಾ ಎರಡು ವರ್ಷಕ್ಕೆ ಕಿತ್ತು ಬರುವುದಿಲ್ಲ. ಮುಂಭಾಗದ ಆರಕ್ಕೆ ಆರೂ ನೇರವಾಗಿ ತುಂಡಾಗಿದ್ದವು, ಒಂದು ಎಳೆಯೂ ಜೂಲಾಗಿರಲಿಲ್ಲ. ತೋಳಿನ ತುದಿಯ ಎರಡು ಮಾತ್ರ ಹಾಗೇ ಇದ್ದವು.

ಗಿರಾಕಿ ಹೋದ ಮೇಲೆ, “ಮಾಸ್ಟರೇ, ಇದು ಹರಿದದ್ದಲ್ಲ. ಬ್ಲೇಡು ಹಾಕಿದಾರೆ” ಎಂದಳು.

“ಶುರುವಾಯ್ತಾ? ಗಿರಾಕಿ ಅಂಗಿ ತಂದಿದಾನೆ ಅಕ್ಕ, ಬಾಂಬು ತಂದಿಲ್ಲ. ಆಗಲ್ಲ ಅಂದ್ರೆ ಹೇಳು, ಮಿಷನ್ನಿಗೇ ಹಾಕಿಸ್ತೀನಿ.”

ಆಗಲ್ಲ ಎಂಬ ಮಾತು ಅವಳಿಗೆ ಸೂಜಿಯಂತೆ ನಾಟಿತು. ಏನೋ ಮಸಲತ್ತಿದೆ ಎಂದು ಗೊತ್ತಿದ್ದೂ ಗೊತ್ತಿದ್ದೂ ಅಂಗಿಯನ್ನು ಮಡಿಲಿಗೆ ಹಾಕಿಕೊಂಡಳು. ಮನೆಯ ಹಿಂದಿನ ಕೋಣೆಯಲ್ಲಿ, ಎಡಗೈಯಲ್ಲೇ, ಆರು ಕಾಜಾಕ್ಕೆ ಮೂರು ದಿನ ಹಿಡಿಯಿತು. ವಾಪಸ್ಸು ಒಯ್ಯಲು ಬಂದವನು ಕಾಜಾಗಳ ಮೇಲೆ ಕಣ್ಣೂ ಹಾಯಿಸಲಿಲ್ಲ. ಅಂಗಿಯನ್ನು ಅವಳ ಕೈಗೇ ಕೊಟ್ಟು ಫೋನಿನಲ್ಲಿ ಒಂದು ಫೋಟೊ ಹಿಡಿದ. “ನೆನಪಿಗೆ,” ಎಂದ. ದುಡ್ಡು ಕೊಟ್ಟ ಕೆಲಸವನ್ನು ನೋಡದ ಗಿರಾಕಿಯನ್ನು ಅಕ್ಕ ಇಪ್ಪತ್ತಾರು ವರ್ಷದಲ್ಲಿ ಕಂಡಿರಲಿಲ್ಲ. ಆದರೂ ವಕೀಲಮ್ಮನಿಗೆ ತಿಳಿಸಲಿಲ್ಲ. ತಿಳಿಸಿದರೆ, ಎಡಗೈಯಲ್ಲಿ ಮಾಡಿದೆ ಎನ್ನಬೇಕಾಗುತ್ತಿತ್ತು. ಅಂದರೆ ಡಾಕ್ಟರು ಬರೆದದ್ದನ್ನು, ಬಲಗೈ ಹೋಯಿತು ಎಂಬುದನ್ನು, ತನ್ನ ಬಾಯಿಂದಲೇ ಹೇಳಬೇಕಾಗುತ್ತಿತ್ತು.

ಕೋರ್ಟಿನಲ್ಲಿ ಅವಳ ಸಾಕ್ಷಿಯ ದಿನ ವಿಮೆ ಕಂಪನಿಯ ವಕೀಲರು ಚೀಲದೊಳಗೆ ಕೈ ಹಾಕಿದರು. ಅದೇ ಅಂಗಿ, ಜೊತೆಗೆ ಆ ಫೋಟೊ.

“ಈ ಕಾಜಾ ಮಾಡಿದ್ದು ನೀವೇ ತಾನೆ?”

“ನಾನೇ.”

“ಅಪಘಾತ ಆದ ಮೇಲೆ?”

“ಆದ ಮೇಲೆ.”

“ಅಂದ್ರೆ ಕೈ ಚೆನ್ನಾಗೇ ಇದೆ. ಹಣಕ್ಕೋಸ್ಕರ ಕೈ ಹೋಯ್ತು ಅಂತೀರಿ.”

ವಕೀಲಮ್ಮನ ಮುಖ ಸುಣ್ಣದಂತಾಯಿತು. ಅವರು ಅಕ್ಕನ ಕಡೆ ನೋಡಿದ ನೋಟದಲ್ಲಿ ಮೊದಲ ಸಲ ಅನುಮಾನವಿತ್ತು. ಅನುಮಾನ ಪಡುವುದು ಅಕ್ಕನಿಗೆ ರೂಢಿ, ಅದಕ್ಕೆ ಗುರಿಯಾಗುವುದು ಹೊಸದು. ನೋಯುತ್ತದೆ ಎಂದು ಅವಳಿಗೆ ಆಗ ತಿಳಿಯಿತು.

“ಯಾವ ಕೈ ಚೆನ್ನಾಗಿದೆ ಅಂತೀರಿ ಸ್ವಾಮಿ?” ಎಂದಳು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದಳು. “ಆ ಅಂಗೀಲೇ ಎಲ್ಲ ಇದೆ, ನೋಡಬೇಕು. ತೋಳಿನ ಎರಡು ಕಾಜಾ ಎರಡು ವರ್ಷದ ಹಿಂದೆ ನನ್ನ ಬಲಗೈ ಮಾಡಿದ್ದು. ಅದನ್ನ ಕುಯ್ಯೋದು ಮರೆತಿದಾರೆ. ಒಂದೊಂದರಲ್ಲಿ ಇಪ್ಪತ್ತನಾಲ್ಕು ಹೊಲಿಗೆ. ಮುಂದಿನ ಆರು ಎಡಗೈದು. ಅದರಲ್ಲಿ ಹದಿನೇಳು, ಹತ್ತೊಂಬತ್ತು, ಒಂದರಲ್ಲಿ ಹದಿನಾಲ್ಕೇ. ಶುರುವಿನ ಗಂಟು ಇನ್ನೊಂದು ತುದಿಯಲ್ಲಿ ಕೂತಿದೆ. ಹೊಲಿಗೆಯ ಗಂಟುಗಳು ಉಲ್ಟಾ ದಿಕ್ಕಿಗೆ ವಾಲಿವೆ. ಬಲಗೈಯವರ ಕಾಜಾ ಹಾಗೆ ವಾಲಲ್ಲ.”

ನ್ಯಾಯಾಧೀಶರು ಅಂಗಿ ತರಿಸಿಕೊಂಡು ತೋಳನ್ನೂ ಮುಂಭಾಗವನ್ನೂ ಪಕ್ಕಪಕ್ಕ ಇಟ್ಟು ತುಂಬಾ ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು.

“ಒಂದಕ್ಕೆ ಎಷ್ಟು ಹೊತ್ತು ಹಿಡೀತು?”

“ಮೊದಲು ಕಾಲು ಗಂಟೆ ಸ್ವಾಮಿ. ಇದಕ್ಕೆ ಒಂದೊಂದಕ್ಕೂ ಅರ್ಧ ದಿನ.”

ಬಲಗೈ ಚಾಚಲು ಹೇಳಿದರು. ಹೆಬ್ಬೆರಳು, ತೋರುಬೆರಳು, ನಡುವಿನ ಜಾಗ. ವಿಮೆ ಕಂಪನಿಯ ವಕೀಲರು ಅಂಗಿಯನ್ನು ಹಿಂದಕ್ಕೆ ಕೇಳಿದರು. ನ್ಯಾಯಾಧೀಶರು ಕೊಡಲಿಲ್ಲ, ದಾಖಲೆಗೆ ಸೇರಿಸಿದರು.

ಅವಳು ಅಂಗಡಿಗೆ ಬರುತ್ತಾಳೆಂಬ ಗುಟ್ಟು ಬಿಟ್ಟುಕೊಟ್ಟವರು ಯಾರು ಎಂಬುದು ಆ ಸಂಜೆಯೇ ತಿಳಿಯಿತು. ಮಾಸ್ಟರು ತಾವಾಗಿಯೇ ಬಂದು ನಿಂತರು. “ಯಾರೋ ಬಂದು ‘ಅಕ್ಕ ಕೆಲಸಕ್ಕೆ ಬರ್ತಾಳಾ’ ಅಂತ ಕೇಳಿದ್ದ. ಮೊದಲಿನ ಹಾಗೇ ಕಾಜಾ ಮಾಡ್ತಾಳೆ ಅಂದುಬಿಟ್ಟೆ. ಇಲ್ಲ ಅಂದ್ರೆ ನಿನ್ನ ಮರ್ಯಾದೆ ಏನಾಗಬೇಕು ಅಂತ.” ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮ ಮೇಲೆ ಅನುಮಾನ ಇತ್ತು. ಕಾರಣ ಬೇರೆ ಅಂದ್ಕೊಂಡಿದ್ದೆ” ಎಂದಳು. ಅವಳಿಂದ ಅಷ್ಟು ಬಂದರೆ ಅದೇ ಕ್ಷಮೆ.

ತೀರ್ಪು ಬಂದಾಗ ಒಂದು ವರ್ಷ ಕಳೆದಿತ್ತು. ಪರಿಹಾರ ಕೊಡಬೇಕು, ವಿಮೆ ಕಂಪನಿ ಕೊಡಬೇಕು ಎಂದಾಗಿತ್ತು. ಅಕ್ಕ ಹತ್ತೊಂಬತ್ತು ಮೆಟ್ಟಿಲು ಹತ್ತಿ ಕೂತಳು. ಅವಳು ಹೇಳದೆಯೇ ವಕೀಲಮ್ಮ ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದರು. ಕೊನೆಯ ಪುಟದಲ್ಲಿ ಬೆರಳು ಒಂದು ಕಡೆ ಜಾರಿತು.

“ಒಂದು ಸಾಲು ಬಿಟ್ಟಿರಿ,” ಎಂದಳು ಅಕ್ಕ.

“ಅದು ಅಷ್ಟೇನೂ...”

“ಮೇಲಿಂದ ಒಂಬತ್ತನೇದು.”

ವಕೀಲಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅರ್ಜಿದಾರಳ ಬಲಗೈ ಅವಳ ಕಸುಬಿಗೆ ಇನ್ನು ಎಂದೆಂದಿಗೂ ಬಾರದು ಎಂದು ಈ ನ್ಯಾಯಾಲಯ ಮನಗಂಡಿದೆ.”

ಕೆಳಗೆ ಪುಸ್ತಕದಂಗಡಿಯವನು ಯಾರಿಗೋ ಚಿಲ್ಲರೆ ಇಲ್ಲವೆನ್ನುತ್ತಿದ್ದ. ಅಕ್ಕ ಬಲಗೈಯನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು.

“ಎಡಗೈ ಬಗ್ಗೆ ಏನಾದ್ರೂ ಬರೆದಿದಾರಾ?”

“ಇಲ್ಲ.”

“ಇನ್ನೊಂದ್ಸಲ ನೋಡಿ. ಪೂರ್ತಿ.”

ವಕೀಲಮ್ಮ ಪುಟಗಳನ್ನು ಮೊದಲಿನಿಂದ ಮಗುಚಿ ನೋಡಿದರು. “ಎಲ್ಲೂ ಇಲ್ಲಮ್ಮ.”

“ಸರಿ ಹಾಗಾದ್ರೆ,” ಎಂದು ಅಕ್ಕ ಎದ್ದಳು.